ಅತ್ತೆ ಪೂಜೆ ಮಾಡಿದ ಸರ್ವರ್

ವಿಜಯದಶಮಿಯ ಬೆಳಿಗ್ಗೆ ನಮ್ಮ ಸೈಬರ್ ಕೆಫೆಯ ಸರ್ವರ್ ಏಳಲಿಲ್ಲ. ಕೆಟ್ಟ ಕಂಪ್ಯೂಟರನ್ನು ರಿಪೇರಿ ಮಾಡಿಸಿದರಾಯಿತು, ಅದಕ್ಕಾಗಿ ಯಾರೂ ಅಳುವುದಿಲ್ಲ. ಆದರೆ ಹಿಂದಿನ ದಿನ, ಆಯುಧ ಪೂಜೆಗೆ, ಅದಕ್ಕೆ ಅರಿಶಿನ ಕುಂಕುಮ ಇಟ್ಟು ಆರತಿ ಬೆಳಗಿದ್ದು ನಮ್ಮ ಮರಿಯಮ್ಮತ್ತೆ. ಅತ್ತೆ ಗಂಡನನ್ನು ಕಳೆದುಕೊಂಡವಳು. ನಮ್ಮ ಜನಕ್ಕೆ ಅಷ್ಟು ಸಾಕಿತ್ತು.

ಮರಿಯಮ್ಮತ್ತೆ ನಮ್ಮಪ್ಪ ತಿಮ್ಮರಾಯಪ್ಪನ ಅಕ್ಕ. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡ ತೀರಿಕೊಂಡು ಪುಟ್ಟೇನಹಳ್ಳಿಯ ತವರಿಗೆ ವಾಪಸು ಬಂದಳು. ಆಗಿನ್ನೂ ನಮ್ಮದು ಕೆರೆಯ ಹಿಂದೆ ರಾಗಿ ಹೊಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಹೋದಳು. ಅಲ್ಲಿಂದ ಮುಂದೆ ನನಗೆ ತಲೆ ಬಾಚಿದ್ದು, ಜ್ವರ ಬಂದರೆ ಪಕ್ಕದಲ್ಲಿ ಕೂತಿದ್ದು, ಹೋಮ್‌ವರ್ಕ್ ಮಾಡಲಿಲ್ಲವೆಂದು ಬಾರಿಸಿದ್ದು ಎಲ್ಲ ಅತ್ತೆಯೇ. ನಾನು ದೊಡ್ಡವಳಾದಾಗ ಚಿಗಳಿ ಕುಟ್ಟಿದ್ದು, ತಂಬಿಟ್ಟು ಕಟ್ಟಿದ್ದು ಅತ್ತೆ. ಆರತಿ ಎತ್ತುವ ಹೊತ್ತಿಗೆ ಮಾತ್ರ ಹೊಸಕೆರೆಹಳ್ಳಿಯಿಂದ ಸಂಜೀವಯ್ಯ ಚಿಕ್ಕಪ್ಪನ ಹೆಂಡತಿ ಬಂದಳು. ರೇಷ್ಮೆ ಸೀರೆ ಉಟ್ಟು ಬಂದು, ಆರತಿ ಎತ್ತಿ, ಊಟ ಮಾಡಿ ಹೋದಳು. ಅತ್ತೆ ಅಷ್ಟು ಹೊತ್ತೂ ಅಡುಗೆಮನೆಯಲ್ಲಿ ಹಪ್ಪಳ ಕರಿಯುತ್ತಿದ್ದಳು. ನನಗೆ ಅವತ್ತೇ ಮೈ ಉರಿದಿತ್ತು, ಆದರೆ ಆ ವಯಸ್ಸಿನಲ್ಲಿ ನನ್ನ ಸಿಟ್ಟನ್ನು ಯಾರು ಕೇಳುತ್ತಾರೆ?

ಎರಡು ಸಾವಿರದ ಎರಡನೇ ಇಸವಿಯಲ್ಲಿ ನನಗೆ ಪದ್ಮನಾಭನಗರದ ಕಡೆ ಗಂಡು ಗೊತ್ತಾಯಿತು. ಕಾರ್ತಿಕದಲ್ಲಿ ಮದುವೆ. ನಾನು ಅಪ್ಪನಿಗೆ ನೇರವಾಗಿ ಹೇಳಿದೆ.

"ಮದ್ವೇಲಿ ನಂಗೆ ಆರತಿ ಎತ್ತೋದು ಅತ್ತೇನೇ. ಬೇರೆ ಯಾರೂ ಬೇಡ."

ಅಪ್ಪ ಕೆಟ್ಟವನಲ್ಲ. ಅಕ್ಕನಿಗೆ ಊಟ ಬಡಿಸದೆ ತಾನು ತಟ್ಟೆ ಮುಟ್ಟದವನು. ಆದರೂ ಆ ಮಾತಿಗೆ ಅವನ ಮುಖ ಸಣ್ಣದಾಯಿತು. "ಅದೆಂಗವ್ವ ಆಯ್ತದೆ. ಬೀಗರು ಏನಂದ್ಕಂತಾರೆ," ಎಂದ. ನಾನು ಊಟ ಬಿಟ್ಟೆ, ಮಾತು ಬಿಟ್ಟೆ, ಕೆಫೆಯ ಕೌಂಟರಿನಲ್ಲಿ ಗಂಟುಮುಖ ಹಾಕಿಕೊಂಡು ಕೂತು ಗಿರಾಕಿಗಳನ್ನೂ ಹೆದರಿಸಿದೆ. ಕಡೆಗೆ ಅಪ್ಪ ಒಂದು ದಾರಿ ಹುಡುಕಿದ.

"ಆಗ್ಲಿ. ಮೊದ್ಲು ಈ ಸಲ ಆಯುಧ ಪೂಜೆ ಅಕ್ಕನ ಕೈಲಿ ಮಾಡ್ಸು. ಅದು ಸುಸೂತ್ರವಾಗಿ ಆಗ್ಲಿ. ಆಮೇಲೆ ನಿನ್ ಮದ್ವೇದು ನೋಡಾಣ."

ಕಂಪ್ಯೂಟರಿಗೆ ಕುಂಕುಮ ಇಡುವುದರಲ್ಲಿ ಏನು ತಪ್ಪಿ ಹೋಗುತ್ತದೆ ಎಂದು ನಾನು ಖುಷಿಯಿಂದ ಒಪ್ಪಿಕೊಂಡೆ.

ಒಪ್ಪದಿದ್ದವಳು ಅತ್ತೆ. "ನಂಗ್ಯಾಕೆ ಇಲ್ಲದ್ದೆಲ್ಲ," ಎಂದು ನಾಲ್ಕು ದಿನ ಕೊಸರಾಡಿದಳು. ಮದುವೆಯ ಆರತಿಯ ವಿಷಯ ಹೇಳಿದ ಮೇಲೆ ಸುಮ್ಮನಾದಳು. ಮರುದಿನ ಬೆಳಿಗ್ಗೆ ನೋಡಿದರೆ ಅಟ್ಟದಿಂದ ಬೆಳ್ಳಿಯ ಆರತಿ ತಟ್ಟೆ ಇಳಿಸಿ ಹುಣಸೆಹಣ್ಣಿನಲ್ಲಿ ಉಜ್ಜುತ್ತಿದ್ದಳು. ಅದು ಅವಳ ಮದುವೆಯಲ್ಲಿ ನಮ್ಮಜ್ಜಿ ಕೊಟ್ಟ ತಟ್ಟೆ. ಅವಳು ಅದನ್ನು ಕೈಯಲ್ಲಿ ಹಿಡಿದಿದ್ದನ್ನು ನಾನು ಅದೇ ಮೊದಲು ಕಂಡದ್ದು.

ನಮ್ಮ ಕೆಫೆಯ ವ್ಯವಸ್ಥೆಯನ್ನು ಇಲ್ಲಿ ಹೇಳಬೇಕು. ಮನೆಯ ನೆಲಮಹಡಿಯಲ್ಲಿ ಸಾಲಾಗಿ ಗಿರಾಕಿಗಳ ಕಂಪ್ಯೂಟರುಗಳು. ಕೌಂಟರಿನ ಕೆಳಗೆ ಒಂದು ಹಳೆಯ ಡಬ್ಬ, ಅದೇ ಸರ್ವರ್. ಇಂಟರ್ನೆಟ್ ಅದರೊಳಗೆ ಹೊಕ್ಕು ಎಲ್ಲರಿಗೂ ಹಂಚಿಕೆಯಾಗುತ್ತಿತ್ತು, ಅದು ನಿಂತರೆ ಇಡೀ ಕೆಫೆ ನಿಂತಂತೆ. ಅದಕ್ಕೆ ವಿಂಡೋಸ್ ಬದಲು ಲಿನಕ್ಸ್ ಎನ್ನುವ ಪುಕ್ಕಟೆ ಸಿಸ್ಟಮ್ಮು ಹಾಕಿಕೊಟ್ಟವನು ಮೇಲಿನ ಮನೆಯ ಬಾಡಿಗೆದಾರ ಮೌನೇಶ. ಕೊಪ್ಪಳದ ಕಡೆಯವನು, ಬಿಟಿಎಂ ಲೇಔಟಿನ ಒಂದು ಆಫೀಸಿನಲ್ಲಿ ಕೆಲಸ. ಸಂಜೆ ಬಂದರೆ ಕಾಫಿ ಲೋಟ ಹಿಡಿದು ನಮ್ಮ ಕೌಂಟರಿನ ಹಿಂದೆಯೇ ಇರುತ್ತಿದ್ದ. ನನಗೂ ನಾಲ್ಕು ಕಮಾಂಡು ಕಲಿಸಿದ್ದ.

ಆ ಡಬ್ಬದ ಮೇಲೆ ಅವನಿಗೆ ವಿಪರೀತ ಪ್ರೀತಿ. ಲಿನಕ್ಸಿನ ಸಿಡಿಯಲ್ಲಿ ಬಂದ ಕರ್ನಲ್‌ನಲ್ಲಿ ಬೇಡದ್ದೆಲ್ಲ ತುಂಬಿದೆ ಎಂದು ಅವನ ಕೊರಗು. ಕರ್ನಲ್ ಅಂದರೆ ಸಿಸ್ಟಮ್ಮಿನ ತಿರುಳು, ಡಿಸ್ಕು, ಮೆಮೊರಿ, ಕೇಬಲ್ಲು ಎಲ್ಲವನ್ನೂ ಮಾತಾಡಿಸುವುದು ಅದೇ ಎಂದು ನನಗೆ ಹೇಳಿಕೊಟ್ಟಿದ್ದ. ಆ ಕರ್ನಲ್ ಅನ್ನು ತಾನೇ ಬೇಕಾದ ಹಾಗೆ ಆರಿಸಿ ಕಂಪೈಲ್ ಮಾಡುತ್ತೇನೆ, ಅಂದರೆ ಬೇಕಾದ ಭಾಗಗಳಿಂದ ಹೊಸದಾಗಿ ಕಟ್ಟುತ್ತೇನೆ, ಸರ್ವರ್ ಹಕ್ಕಿಯ ಹಾಗೆ ಹಗುರವಾಗುತ್ತದೆ ಎನ್ನುತ್ತಿದ್ದ. ಮಹಾಲಯ ಅಮಾವಾಸ್ಯೆಗೂ ಮೊದಲು ಒಂದು ಸಂಜೆ ಕೂತು ಮಾಡಿಯೂ ಬಿಟ್ಟ. ಹೊಸ ಕರ್ನಲ್ ತಯಾರಾಯಿತು. ಅದು ಜಾರಿಗೆ ಬರಬೇಕಾದರೆ ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಅವನು ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಅಪ್ಪ ಬಂದ.

"ಈಗ ಆಫ್ ಗೀಫ್ ಮಾಡ್ಬ್ಯಾಡಪ್ಪ. ಜನ ಕುಂತವ್ರೆ."

"ಆತ್ರಿ ಅಂಕಲ್, ಆಮ್ಯಾಲೆ ಮಾಡ್ತೀನಿ," ಎಂದ ಮೌನೇಶ. ಆಮೇಲೆ ಬರಲೇ ಇಲ್ಲ. ಸರ್ವರ್ ಹಳೆಯ ಕರ್ನಲ್ಲನ್ನೇ ಮೆಮೊರಿಯಲ್ಲಿ ಇಟ್ಟುಕೊಂಡು, ಕರೆಂಟು ಹೋದರೂ ಯುಪಿಎಸ್ ಬ್ಯಾಟರಿಯ ಮೇಲೆ, ಹಗಲೂ ರಾತ್ರಿ ಓಡುತ್ತಲೇ ಇತ್ತು. ಹೊಸದು ಡಿಸ್ಕಿನ ಮೇಲೆ ತನ್ನ ಸರದಿಗೆ ಕಾಯುತ್ತಿತ್ತು. ನಾನೂ ಮರೆತೆ, ಅವನೂ ಮರೆತ.

ಪೂಜೆಯ ದಿನ ಅಂಗಡಿಗೆ ಬಾಳೆಕಂದು, ಮಾವಿನೆಲೆ, ಚೆಂಡುಹೂವು ಎಲ್ಲ ಕಟ್ಟಿಯಾಯಿತು. ಅಪ್ಪ ಪ್ರತಿವರ್ಷ ಓಡುತ್ತಿರುವ ಕಂಪ್ಯೂಟರುಗಳಿಗೇ ನೆತ್ತಿಯ ಮೇಲೊಂದು ಬೊಟ್ಟಿಟ್ಟು, ಊದುಬತ್ತಿ ತಿರುವಿ, ಗಿರಾಕಿಗಳಿಗೆ ಕಡಲೆಪುರಿ ಹಂಚಿ ಮುಗಿಸುತ್ತಿದ್ದ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ನೋಡಿ ಕೇಳಿದಳು.

"ಇದೇನ್ಲಾ ತಿಮ್ಮ, ಓಡೋ ಮಿಷನ್‌ಗೆ ಪೂಜೇನಾ? ನಾವು ಹೊಲ ಮಾಡ್ತಿದ್ದಾಗ ನೇಗಿಲು ಬಿಚ್ಚಿ ಗೋಡೆಗೆ ಒರಗಿಸ್ತಿರ್ಲಿಲ್ವಾ? ಕುಡ್ಗೋಲ್ಗೂ ಅವತ್ತು ರಜಾ ಇರ್ತಿತ್ತು. ಆಯುಧ ಅಂದ್ಮ್ಯಾಲೆ ಒಂದಿನ ಅದ್ಕೂ ವಿಶ್ರಾಂತಿ ಬ್ಯಾಡ್ವಾ?"

ಅಪ್ಪ ನನ್ನ ಕಡೆ ನೋಡಿ ಆಗಲಿ ಎಂದು ತಲೆಯಾಡಿಸಿದ. ಪೂಜೆ ಮಾಡುವವಳು ಕೇಳಿದ ಮೇಲೆ ಕೊಡಬೇಕು. ನಾನೇ ಒಂದೊಂದಾಗಿ ಎಲ್ಲವನ್ನೂ ಆಫ್ ಮಾಡಿದೆ, ಕಡೆಗೆ ಮೌನೇಶ ಕಲಿಸಿದ ಕಮಾಂಡು ಹೊಡೆದು ಸರ್ವರನ್ನೂ ಮಲಗಿಸಿದೆ. ಫ್ಯಾನಿನ ಸದ್ದು ನಿಂತು ಅಂಗಡಿ ಬಿಕೋ ಎನ್ನಿಸಿತು. ಅತ್ತೆ ಸೆರಗು ಹೊದ್ದು ಒಂದೊಂದಕ್ಕೂ ನಿಧಾನವಾಗಿ ಅರಿಶಿನ ಹಚ್ಚಿದಳು, ಕುಂಕುಮ ಇಟ್ಟಳು, ಹೂವು ಮುಡಿಸಿದಳು. ಬೆಳ್ಳಿ ತಟ್ಟೆಯಲ್ಲಿ ಆರತಿ ಎತ್ತುವಾಗ ಅವಳ ಮುಖದಲ್ಲಿದ್ದುದು ಸಂತೋಷವೋ ಹೆದರಿಕೆಯೋ ನನಗೆ ಹೇಳಲು ಬರುವುದಿಲ್ಲ. ನನಗಂತೂ ಕಣ್ಣು ತುಂಬಿತು. ಅಪ್ಪ ಬಾಗಿಲಲ್ಲಿ ಬೂದುಗುಂಬಳ ಒಡೆದ. ಪೂಜೆಗೆಂದು ಬಂದಿದ್ದ ಸಂಜೀವಯ್ಯ ಚಿಕ್ಕಪ್ಪ ಮಾತ್ರ ಮಂಗಳಾರತಿ ತೆಗೆದುಕೊಳ್ಳುವಾಗ ಕೈಯನ್ನು ಸ್ವಲ್ಪ ದೂರದಲ್ಲೇ ಆಡಿಸಿದ. ಆ ರಾತ್ರಿ ಅವನು ನಮ್ಮಲ್ಲೇ ಉಳಿದ.

ಮರುದಿನ ಬೆಳಿಗ್ಗೆ ಎಲ್ಲರೂ ಅಂಗಡಿಗೆ ಇಳಿದೆವು. ಹಬ್ಬದ ದಿನ ಮೊದಲ ಸ್ವಿಚ್ಚು ನಾನೇ ಒತ್ತಬೇಕೆಂದು ಅಪ್ಪ ಹೇಳಿದ. ಒತ್ತಿದೆ. ಸರ್ವರ್ ಗುರ್ರೆಂದಿತು, ಕಪ್ಪು ಪರದೆಯ ಮೇಲೆ ಬಿಳಿಯ ಅಕ್ಷರಗಳು ಸರಸರ ಓಡಿದವು. ಆಮೇಲೆ ಗಕ್ಕನೆ ನಿಂತವು. ಕೀಲಿಮಣೆ ಒತ್ತಿದರೆ ಜೀವವಿಲ್ಲ. ಆಫ್ ಮಾಡಿ ಆನ್ ಮಾಡಿದೆ. ಮತ್ತೆ ಅದೇ ಜಾಗ, ಅದೇ ಸಾಲು.

"ಏನಂತದೆ?" ಎಂದ ಅಪ್ಪ.

"ಕರ್ನಲ್ ಪ್ಯಾನಿಕ್ ಅಂತ ಬಂದಿದೆ."

"ಅಂಗಂದ್ರೆ?"

"ಗಾಬರಿ ಅಂತ," ಎಂದೆ. ಬಾಯಿ ತಪ್ಪಿ ಬಂತು.

ಸಂಜೀವಯ್ಯ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡ. "ಗಾಬರಿ ಆಗ್ದೆ ಇನ್ನೇನಾಯ್ತದೆ. ಇಷ್ಟು ವರ್ಷ ಇಲ್ಲದ್ದು ನಿನ್ನೆ ಕೈ ಬಿದ್ದು ಇವತ್ತು ಮಕಾಡೆ ಮಲಗೈತೆ. ನಾನು ಏನೂ ಹೇಳಲ್ಲಪ್ಪ. ನೀವೇ ನೋಡ್ಕಳಿ."

ಏನೂ ಹೇಳುವುದಿಲ್ಲ ಎನ್ನುವವರು ಎಲ್ಲವನ್ನೂ ಹೇಳಿ ಮುಗಿಸಿರುತ್ತಾರೆ. ಒಬ್ಬೊಬ್ಬರಾಗಿ ಎಲ್ಲರ ತಲೆಯೂ ಬಾಗಿಲ ಕಡೆ ತಿರುಗಿತು. ಅತ್ತೆ ಪ್ರಸಾದದ ಪಾತ್ರೆ ಹಿಡಿದು ನಿಂತಿದ್ದಳು. ಪಾತ್ರೆಯನ್ನು ಸ್ಟೂಲಿನ ಮೇಲಿಟ್ಟು, ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು, ಮೆಟ್ಟಿಲು ಹತ್ತಿ ಹೋದಳು.

ನಾನು ಚಿಕ್ಕಪ್ಪನಿಗೆ ಏನೆಂದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಪ್ಪ ನನ್ನನ್ನು ಗದರಿಸಿ ಮೌನೇಶನನ್ನು ಕರೆಸಿದ.

ಮೌನೇಶ ಹಲ್ಲುಜ್ಜುತ್ತಿದ್ದವನು ಹಾಗೇ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದ. ಪರದೆ ನೋಡಿದ. ಅವನ ಮುಖದ ಬಣ್ಣ ಹೋಯಿತು. ನಾನು ಅವನನ್ನೇ ನೋಡುತ್ತಿದ್ದೆ, ನನಗೆ ಗೊತ್ತಾಯಿತು.

"ನೀರು ಗೀರು ಒಳಕ್ಕೆ ಓಗೈತಾ? ಪೂಜೆ ದೋಸಾನಾ? ಏನಪ್ಪ?" ಎಂದ ಅಪ್ಪ.

ಮೌನೇಶ ಒಂದು ಗಳಿಗೆ ಅಪ್ಪನನ್ನು ನೋಡಿದ, ಆಮೇಲೆ ನೆಲ ನೋಡಿದ. "ನೋಡ್ಬೇಕ್ರಿ ಅಂಕಲ್," ಎಂದ.

ಅಷ್ಟೇ. ಆ ಒಂದು ಮಾತು ಅತ್ತೆಯ ತಲೆಯ ಮೇಲೆ ಕೂತಿತು. ಅಪ್ಪ ನಿಟ್ಟುಸಿರು ಬಿಟ್ಟು ಚಿಕ್ಕಪ್ಪನ ಜೊತೆ ತಿಂಡಿಗೆ ಹೋದ. ಮೌನೇಶ ಡಬ್ಬದ ಮುಚ್ಚಳ ಬಿಚ್ಚಿ ಕೇಬಲ್ಲುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದ. ಒಳಗೆ ಒಂದು ಹನಿ ನೀರಿಲ್ಲ, ಚಿಟಿಕೆ ಕುಂಕುಮವಿಲ್ಲ. ಡಿಸ್ಕು ತಿರುಗುತ್ತಿತ್ತು. ಆನ್ ಮಾಡಿದ ಕೂಡಲೇ ಬರುವ ಮೊದಲ ಪರದೆಯಲ್ಲಿ ಡಿಸ್ಕಿನ ಹೆಸರೂ ಸರಿಯಾಗಿ ಬರುತ್ತಿತ್ತು. ಆದರೂ ಅವನು ಕೇಬಲ್ಲಿನ ಜೊತೆಗೇ ಆಟವಾಡುತ್ತಿದ್ದ.

"ಮೌನೇಶ್," ಎಂದೆ. "ಮೊನ್ನೆ ಕಂಪೈಲ್ ಮಾಡಿದ್ರಲ್ಲ ಕರ್ನಲ್ಲು, ಅದಾದ್ಮೇಲೆ ಇದನ್ನ ಆಫ್ ಮಾಡಿದ್ದು ನಿನ್ನೇನೇ ಮೊದಲು ಅಲ್ವಾ?"

ಅವನು ಅದೇ ಕೇಬಲ್ಲನ್ನು ಇನ್ನೊಮ್ಮೆ ಕಿತ್ತು ಸಿಕ್ಕಿಸಿದ.

"ನನ್ ಮುಖ ನೋಡಿ ಹೇಳಿ."

"ಹೌದ್ರಿ," ಎಂದ. "ಅಕ್ಷರ ನೋಡಿದ ಕೂಡ್ಲೇ ತಿಳೀತ್ರಿ. ನಂದ ತಪ್ಪೈತಿ. ಅಂಕಲ್ ಅಷ್ಟ್ ಮಂದಿ ಮುಂದ ಕೇಳಿದ್ರಲ್ರಿ, ಬಾಯಿ ಬರ್ಲಿಲ್ಲ."

"ನಿಮಗೆ ಬಾಯಿ ಬರ್ಲಿಲ್ಲ. ಅತ್ತೆ ಕೈ ಮುಚ್ಕೊಂಡು ಮೇಲೆ ಹೋದ್ಳು. ನೀವು ಬರೋಕೆ ಮುಂಚೆ. ಅದು ಗೊತ್ತಾ ನಿಮಗೆ?"

ಅವನ ಕಣ್ಣಲ್ಲಿ ನೀರು ಬಂತು. ಬರಲಿ ಎಂದುಕೊಂಡೆ. ನನಗೆ ಅವನ ಮೇಲೆ ಕರುಣೆ ಹುಟ್ಟುವ ದಿನ ಅದಾಗಿರಲಿಲ್ಲ.

ಆಮೇಲೆ ಅವನೇ ಬಿಡಿಸಿ ಹೇಳಿದ. ಬೇಡದ್ದನ್ನು ಕಿತ್ತು ಹಾಕುವ ಭರದಲ್ಲಿ, ಡಿಸ್ಕಿನ ಮೇಲೆ ಬರೆದದ್ದನ್ನು ಓದಲು ಬೇಕಾದ ಭಾಗವನ್ನೂ ಅವನು ಕರ್ನಲ್ಲಿನಿಂದ ಹೊರಗೆ ಇಟ್ಟಿದ್ದ. ಬೇಕೆಂದಾಗ ಡಿಸ್ಕಿನಿಂದ ಎತ್ತಿಕೊಳ್ಳುತ್ತದೆ ಎಂಬುದು ಅವನ ಲೆಕ್ಕ. ಆದರೆ ಡಿಸ್ಕನ್ನು ಓದಲು ಬಾರದ ಕರ್ನಲ್ಲು ಆ ಭಾಗವನ್ನು ಡಿಸ್ಕಿನಿಂದ ಹೇಗೆ ಎತ್ತಿಕೊಂಡೀತು? ಬೀರುವಿನ ಬೀಗದ ಕೈಯನ್ನು ಬೀರುವಿನೊಳಗೇ ಇಟ್ಟು ಬಾಗಿಲು ಎಳೆದ ಹಾಗೆ. ಜಾಗ ಸಾಲದೆಂದು ಹಳೆಯ ಕರ್ನಲ್ಲನ್ನೂ ಅಳಿಸಿದ್ದ, ಹಾಗಾಗಿ ಹಿಂದಕ್ಕೆ ಹೋಗಲೂ ದಾರಿ ಇರಲಿಲ್ಲ.

"ನಿನ್ನೆ ಆಫ್ ಮಾಡ್ದೆ ಇದ್ದಿದ್ರೆ?"

"ಎಂದರ ಒಂದಿನ ಬ್ಯಾಟರಿ ಖಾಲಿ ಆಗೂಮಟಾ ಕರೆಂಟ್ ಹೋದಾಗ ಹಿಂಗಽ ಆಗ್ತಿತ್ರಿ. ಮಂದಿ ಕುಂತಾಗ, ಪರೀಕ್ಷಾ ರಿಸಲ್ಟ್ ನೋಡೋ ದಿನ ಆಗಿದ್ರ ಇನ್ನೂ ಕಷ್ಟ. ಅವ್ರು ಆಫ್ ಮಾಡ್ಸಿದ್ದಽ ಚಲೋ ಆತ್ರಿ."

ಅವನು ಮೇಲೆ ಹೋಗಿ ಲಿನಕ್ಸಿನ ಸಿಡಿ ತಂದ. ಸಿಡಿಯಿಂದ ಸಿಸ್ಟಮ್ಮನ್ನು ಎಬ್ಬಿಸಿ, ಡಿಸ್ಕಿನೊಳಗೆ ಹೊಕ್ಕು, ಬಿಟ್ಟುಹೋದ ಭಾಗವನ್ನು ಕರ್ನಲ್ಲಿಗೆ ಸೇರಿಸಿ ಮತ್ತೆ ಕಂಪೈಲ್ ಮಾಡಲು ಕೂತ. ಕೆಟ್ಟ ಕರ್ನಲ್ಲನ್ನು ಅಳಿಸಬೇಡಿ ಎಂದು ನಾನೇ ಹೇಳಿದೆ. ಬೇರೆ ಹೆಸರಿನಲ್ಲಿ ಅದೂ ಇರಲಿ. ಎಲ್ಲರ ಎದುರು ಮೊದಲು ಕೆಟ್ಟದ್ದನ್ನು ಎಬ್ಬಿಸಿ ನಿಲ್ಲಿಸಬೇಕು, ಆಮೇಲೆ ಒಳ್ಳೆಯದನ್ನು ಎಬ್ಬಿಸಿ ಓಡಿಸಬೇಕು. ನಡುವೆ ಯಾವ ಪೂಜೆಯೂ ಇರಬಾರದು. ಹಾಗೆ ತೋರಿಸಿದರೆ ಅಪ್ಪನೂ ಒಪ್ಪಲೇಬೇಕು ಎನ್ನುವುದು ನನ್ನ ಹಟ.

ಹಳೆಯ ಡಬ್ಬ, ಕಂಪೈಲ್ ಆಗಲು ಬಹಳ ಹೊತ್ತು ಹಿಡಿಯಿತು. ಬಾಗಿಲಿಗೆ ಬಂದ ಗಿರಾಕಿಗಳನ್ನು ನಾನು ವಾಪಸು ಕಳಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮೇಲೆ ಹೋದರೆ ಹಬ್ಬದ ಅಡುಗೆ ನಡೆದಿತ್ತು, ಆದರೆ ಒಲೆಯ ಮುಂದೆ ಅತ್ತೆ ಇರಲಿಲ್ಲ. ಪಕ್ಕದ ಮನೆಯ ಹೆಂಗಸು ಹೋಳಿಗೆ ತಟ್ಟುತ್ತಿದ್ದಳು. ಅತ್ತೆ ಹಿಂದಿನ ಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. "ಹಬ್ಬದ ಅಡುಗೆ, ಇವತ್ತು ನನ್ ಕೈ ಬ್ಯಾಡ ಅಂತ ನಾನೇ ಅಂದೆ," ಎಂದಳು.

"ನಿಂದೇನೂ ಇಲ್ಲ ಅತ್ತೆ. ಮೌನೇಶ ತಪ್ಪು ಮಾಡವ್ನೆ, ಅವನೇ ಒಪ್ಕೊಂಡ. ಇನ್ನೇನು ಸರಿಹೋಗುತ್ತೆ. ಬಾ, ನಿನ್ ಕಣ್ಣಾರೆ ನೋಡು."

ಬರುವುದಿಲ್ಲ ಎಂದಳು. ನಾನು ಬಿಡಲಿಲ್ಲ, ಕೈ ಹಿಡಿದು ಎಳೆದುಕೊಂಡೇ ಬಂದೆ. ಚಿಕ್ಕಪ್ಪ ಮಲಗಿದ್ದ. ಅಪ್ಪನನ್ನು ಕರೆದೆ. ಅತ್ತೆ ಅಂಗಡಿಯ ಒಳಗೆ ಬರಲಿಲ್ಲ, ಹೊಸ್ತಿಲ ಆಚೆಗೇ ನಿಂತಳು.

"ಮುಗೀತ್ರಿ, ಮೊದಲ ಹೊಸಾದು ಓಡ್ತೈತೇನು ನೋಡೋಣ್ರಿ," ಎಂದ ಮೌನೇಶ. ಸಿಡಿ ತೆಗೆದ. ಸ್ವಿಚ್ಚು ಒತ್ತಿದ. ಅಕ್ಷರಗಳು ಓಡಿದವು. ಓಡಿ ಓಡಿ, ಬೆಳಿಗ್ಗೆ ನಿಂತಿದ್ದ ಅದೇ ಸಾಲಿನಲ್ಲಿ ನಿಂತವು.

ನಾನು ಬಾಗಿಲ ಕಡೆ ತಿರುಗಿದೆ. ಅತ್ತೆಯ ಮುಖ ಬಿಳಿಚಿಕೊಂಡಿತ್ತು. ಅವಳು ಹೊಸ್ತಿಲಿನಿಂದ ಹಿಂದಕ್ಕೆ ಸರಿದು, ಗೋಡೆ ಹಿಡಿದುಕೊಂಡು, ಮತ್ತೆ ಮೆಟ್ಟಿಲು ಹತ್ತಿದಳು. ಕೂಗಿದೆ, ನಿಲ್ಲಲಿಲ್ಲ.

"ಅಯ್ಯ, ಲಿಲೋ ಮರ್ತಬಿಟ್ಟೆನ್ರಿ," ಎಂದು ಮೌನೇಶ ತಲೆ ಚಚ್ಚಿಕೊಂಡ. ಕರ್ನಲ್ಲು ಡಿಸ್ಕಿನ ಯಾವ ಜಾಗದಲ್ಲಿದೆ ಎಂದು ನೆನಪಿಟ್ಟುಕೊಂಡು ಎಬ್ಬಿಸುವ ಪುಟ್ಟ ಪ್ರೋಗ್ರಾಮು ಅದು. ಹೊಸದನ್ನು ಇಟ್ಟ ಮೇಲೆ ಅದಕ್ಕೆ ಒಂದು ಕಮಾಂಡಿನಲ್ಲಿ ಜಾಗ ತಿಳಿಸಬೇಕು. ಇವನು ತಿಳಿಸಿರಲಿಲ್ಲ, ಅದು ಪಾಪ ಹಳೆಯ ಜಾಗಕ್ಕೇ ಹೋಗಿ ಕೆಟ್ಟದ್ದನ್ನೇ ಎಬ್ಬಿಸಿತ್ತು. ಮತ್ತೆ ಸಿಡಿ ಹಾಕಿ, ಆ ಕಮಾಂಡು ಹೊಡೆದು, ಎರಡೂ ಕರ್ನಲ್ಲುಗಳಿಗೆ ಹೆಸರು ಕೊಟ್ಟು ಪಟ್ಟಿಯಲ್ಲಿ ಸೇರಿಸಿದ. ಈ ಸಲ ಆನ್ ಮಾಡಿದಾಗ ಸರ್ವರ್ ಕೊನೆಯವರೆಗೂ ಓಡಿ, ಯಾರು ಬಂದಿರಿ ಎಂದು ಹೆಸರು ಕೇಳುವ ಲಾಗಿನ್ ಸಾಲಿಗೆ ಬಂದು ಕಾಯುತ್ತಾ ಕೂತಿತು.

ಸಂಜೆ ಕಾಫಿಯ ಹೊತ್ತಿಗೆ ನಾನು ಅಪ್ಪನನ್ನೂ ಚಿಕ್ಕಪ್ಪನನ್ನೂ ಪರದೆಯ ಮುಂದೆ ಕೂರಿಸಿದೆ. ಮೌನೇಶ ಮೊದಲು ಕೆಟ್ಟದ್ದನ್ನು ಆರಿಸಿದ, ನಿಂತಿತು. ಒಳ್ಳೆಯದನ್ನು ಆರಿಸಿದ, ಓಡಿತು. ಮತ್ತೆ ಕೆಟ್ಟದ್ದು, ಮತ್ತೆ ನಿಂತಿತು. ಮತ್ತೆ ಒಳ್ಳೆಯದು. ಆಮೇಲೆ ಎದ್ದು ನಿಂತು, ಕೈ ಕಟ್ಟಿಕೊಂಡು, "ಅಂಕಲ್, ಇದು ಪೂರಾ ನಂದ ತಪ್ಪು. ಮರಿಯಮ್ಮಾರ್ದು ಏನೂ ಇಲ್ರಿ. ಬೆಳಿಗ್ಗೇನಽ ಹೇಳ್ಬೇಕಿತ್ತು, ಹೇಳ್ಲಿಲ್ಲ. ತಪ್ಪಾತ್ರಿ," ಎಂದ. ಇಷ್ಟು ಹೇಳಲು ಅವನಿಗೆ ಧೈರ್ಯ ಬೇಕಾಗಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಅಪ್ಪ ನಕ್ಕು ಅವನ ಬೆನ್ನು ತಟ್ಟಿದ. "ಓಗ್ಲಿ ಬಿಡಪ್ಪ. ವಯಸ್ಸಿನ ಹುಡುಗ್ರು, ತಪ್ಪಾಯ್ತವೆ. ಸರಿಮಾಡಿದ್ಯಲ್ಲ, ಅಷ್ಟು ಸಾಕು."

"ಮತ್ತೆ ಅತ್ತೆ?" ಎಂದೆ.

"ಅಕ್ಕಂದು ಏನಿಲ್ಲ ಅಂತ ಅವನೇ ಏಳಿದ್ನಲ್ಲವ್ವ. ನಂಗೂ ತಿಳೀತು." ಅಪ್ಪ ಲೋಟದಲ್ಲಿ ಉಳಿದ ಕಾಫಿಯನ್ನು ತಿರುಗಿಸುತ್ತಾ ಕೂತ. "ಆದ್ರೂ ನೋಡು, ಇಷ್ಟು ದಿನ ಸುಮ್ನಿದ್ದ ತಪ್ಪು ಅವಳು ಮುಟ್ಟಿದ ದಿನಾನೇ ಎದ್ದು ಬಂತಲ್ಲ."

"ಆಫ್ ಮಾಡಿದ್ದಕ್ಕೆ ಬಂತಪ್ಪ. ಅವತ್ತು ಜನ ಕೂತವ್ರೆ ಅಂತ ಆಫ್ ಮಾಡೋಕೆ ಬಿಡ್ದೆ ಇದ್ದೋನು ನೀನು."

"ಊಂ, ಅದೂ ಸರಿಯೇ," ಎಂದ ಅಪ್ಪ. ಚಿಕ್ಕಪ್ಪ ಎದ್ದು ಪಂಚೆ ಸರಿಮಾಡಿಕೊಂಡ. ಅಲ್ಲಿಗೆ ವಿಚಾರಣೆ ಮುಗಿಯಿತು. ತಪ್ಪು ಮಾಡಿದವನಿಗೆ ಬೆನ್ನು ತಟ್ಟಲು ಒಂದು ನಿಮಿಷ ಸಾಕಾಯಿತು, ತಪ್ಪೇ ಮಾಡದವಳಿಗೆ ಒಂದು "ಆದ್ರೂ" ಉಳಿಯಿತು. ಆ "ಆದ್ರೂ"ವನ್ನು ಯಾವ ಸಿಡಿಯಿಂದ ಎಬ್ಬಿಸಿ ಸರಿಮಾಡುವುದು ಎಂದು ನನಗೆ ತಿಳಿಯಲಿಲ್ಲ.

ಆದರೂ ನಾನು ಗೆದ್ದೆ ಎಂದೇ ತಿಳಿದು ಮೇಲೆ ಓಡಿದೆ. ಅಪ್ಪ ಮಾತು ಕೊಟ್ಟಿದ್ದಾನೆ, ಈಗ ಹಿಂದೆ ಸರಿಯಲಾರ. ಅತ್ತೆ ತಾರಸಿಯ ನಲ್ಲಿಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು ಬೆಳ್ಳಿ ತಟ್ಟೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಅಂಚಿನಲ್ಲಿ ಕುಂಕುಮ ಇನ್ನೂ ಅಂಟಿಕೊಂಡಿತ್ತು.

"ಮಿಷನ್ನು ಓಡ್ತಿದೆ ಅತ್ತೆ. ಮೌನೇಶ ಎಲ್ಲಾರ ಎದುರಿಗೆ ತಪ್ಪು ಒಪ್ಕೊಂಡ. ಅಪ್ಪಂಗೂ ಅರ್ಥ ಆಯ್ತು."

"ಕೇಳಿಸ್ತು. ಒಳ್ಳೆ ಹುಡುಗ ಅವನು. ಬಯ್ಬ್ಯಾಡ ಅವನ್ನ."

"ಮದ್ವೇಲಿ ಆರತಿ ನಿಂದೇ ಇನ್ನು."

ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ. "ಬ್ಯಾಡ ಕಣೆ ಚೈತ್ರ. ನಿನ್ ಚಿಕ್ಕಮ್ಮನೇ ಎತ್ತಲಿ."

"ಯಾಕೆ? ನಿನ್ ಕೈದೇನೂ ಇಲ್ಲ ಅಂತ ತೋರಿಸ್ದೆ ಅಲ್ವಾ?"

"ತೋರಿಸ್ದೆ. ಮಿಷನ್ನು ನಿಂತ್ರೆ ಯಾಕೆ ನಿಂತೆ ಅಂತ ಅದೇ ಬರ್ದು ಇಡ್ತದೆ. ಓದೋಕೆ ಬರೋನು ಒಬ್ಬ ಮನೇಲೇ ಇದ್ದ, ಓದಿ ಹೇಳ್ದ. ನಾಳೆ ನಿನ್ ಸಂಸಾರದಾಗೆ ಏನಾದ್ರೂ ಎಚ್ಚುಕಮ್ಮಿ ಆದ್ರೆ? ಮಗು ಆಗೋದು ತಡ ಆದ್ರೆ? ಅಳಿಯಂದ್ರು ಗಾಡಿಯಿಂದ ಬಿದ್ರೆ? ಅದು ಯಾಕಾಯ್ತು ಅಂತ ಎಲ್ಲಿ ಬರ್ದಿರ್ತದೆ, ಯಾರು ಓದ್ತಾರೆ?"

"ಯಾರು ಏನಾದ್ರೂ ಅಂದ್ಕೊಳ್ಲಿ. ನಂಗೆ ಗೊತ್ತಿರುತ್ತಲ್ಲ."

"ಇವತ್ತು ಮಧ್ಯಾಹ್ನನೂ ನಿಂಗೆ ಗೊತ್ತಿತ್ತು," ಎಂದಳು ಅತ್ತೆ.

ನನಗೆ ತಕ್ಷಣ ತಲೆಗೆ ಹೋಗಲಿಲ್ಲ. ಅವಳು ನಲ್ಲಿ ತಿರುಗಿಸಿ ತಟ್ಟೆಯನ್ನು ನೀರಿನ ಕೆಳಗೆ ಹಿಡಿದಳು.

"ಬೆಳಿಗ್ಗೆ ಎಲ್ಲಾರೂ ನನ್ನ ನೋಡಿದ್ರು. ಇರ್ಲಿ, ಅವ್ರಿಗೆ ಗೊತ್ತಿರ್ಲಿಲ್ಲ. ಮಧ್ಯಾಹ್ನ ಅದು ತಿರ್ಗಾ ನಿಂತಾಗ ನಿಮ್ಮಪ್ಪ ಮಿಷನ್ ನೋಡ್ತಿದ್ದ, ಆ ಹುಡುಗನೂ ಮಿಷನ್ ನೋಡ್ತಿದ್ದ. ಗೊತ್ತಿದ್ದೂ ನನ್ನ ಕಡೆ ತಿರುಗಿದ್ದು ನೀನೊಬ್ಳೇ."

"ನಿಂಗೆ ಬೇಜಾರಾಯ್ತೇನೋ ಅಂತ ನೋಡಿದ್ದು ಅತ್ತೆ. ನಿನ್ನಾಣೆ."

"ಇರ್ಬೋದು," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ತಡೆಯಲಾಗದ್ದು. "ನಂಗೇನೂ ಬೇಜಾರಿಲ್ಲ. ಆದ್ರೆ ನಿನ್ ಮನೇಲಿ ಏನೇ ಆದ್ರೂ ನೀನು ಇಂಗೇ ಒಂದ್ಸಲ ತಿರುಗಿ ನೋಡ್ತೀಯ. ಅದು ನಂಗೆ ಬ್ಯಾಡ. ಸಾಕಿದ ಮಗು ನೀನು. ನಿನ್ ಒಬ್ಬಳ ಕಣ್ಣಾಗಾದ್ರೂ ನಾನು ಸುಮ್ನೆ ಅತ್ತೆ ಆಗಿರ್ತೀನಿ, ಬಿಡು."

ನಾನು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಅವಳು ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ನನ್ನ ತಲೆ ಸವರಿದಳು. ಮತ್ತೆ ಆ ವಿಷಯ ಎತ್ತಲು ಬಿಡಲಿಲ್ಲ. ನಾನು ಹಟ ಮಾಡಿದೆ, ಅಪ್ಪನ ಕೈಲಿ ಹೇಳಿಸಿದೆ, ಅವಳು ಒಪ್ಪಲಿಲ್ಲ.

ಆ ಮಧ್ಯಾಹ್ನ ನಾನು ಯಾಕೆ ತಿರುಗಿದೆ? ಅವಳಿಗೆ ನೋವಾಗುತ್ತದೆ ಎಂದೇ ತಿರುಗಿದೆ ಎಂದು ಈಗಲೂ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಬಹಳ ಸಲ ನಂಬುತ್ತೇನೆ. ಆದರೆ ಪರದೆ ನಿಂತದ್ದಕ್ಕೂ ನನ್ನ ಕತ್ತು ಹೊರಳಿದ್ದಕ್ಕೂ ನಡುವೆ ಯೋಚನೆಗೆ ಸಮಯವೇ ಇರಲಿಲ್ಲ. ಯೋಚಿಸದೆ ಹೊರಳಿದ ಕತ್ತಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ.

ಕಾರ್ತಿಕದಲ್ಲಿ ಬನಶಂಕರಿಯ ಛತ್ರವೊಂದರಲ್ಲಿ ಮದುವೆಯಾಯಿತು. ಚಿಕ್ಕಮ್ಮ ರೇಷ್ಮೆ ಸೀರೆ ಉಟ್ಟು ಬಂದಳು. ಅವಳ ಕೈಯಲ್ಲಿದ್ದದ್ದು ಅತ್ತೆಯ ಬೆಳ್ಳಿ ತಟ್ಟೆ. ಅದನ್ನು ಅತ್ತೆಯೇ ಉಜ್ಜಿ, ಬತ್ತಿ ಹೊಸೆದಿಟ್ಟು, ಕುಂಕುಮದ ನೀರು ಕಲಸಿ ಕಳಿಸಿದ್ದಳು. ಚಿಕ್ಕಮ್ಮ ಆರತಿ ಎತ್ತಿ ಹಾಡು ಶುರುಮಾಡಿದಾಗ ನಾನು ತಲೆ ಎತ್ತಿ ಅತ್ತೆಗಾಗಿ ಇಡೀ ಛತ್ರವನ್ನು ಹುಡುಕಿದೆ. ಬಾಗಿಲಲ್ಲಿ ಇರಲಿಲ್ಲ, ಕಂಬದ ಹತ್ತಿರ ಇರಲಿಲ್ಲ, ಅಡುಗೆಮನೆಯ ಕಿಟಕಿಯಲ್ಲೂ ಇರಲಿಲ್ಲ. ಎಲ್ಲಿ ನಿಂತಿದ್ದೆ ಎಂದು ಆಮೇಲೆ ಕೇಳಿದೆ.

"ನಿನ್ ಹಿಂದೇನೇ," ಎಂದಳು. "ಎಲ್ಲಾ ಕಾಣಿಸ್ತಿತ್ತು ನಂಗೆ. ನಿಂಗೆ ನಾನು ಕಾಣ್ದೆ ಇರೋ ಜಾಗ ನೋಡ್ಕೊಂಡು ನಿಂತಿದ್ದೆ."